ಓದುಗರ ಪ್ರಶ್ನೆ: ಓವನ್ ಬೇಡದ ಪಾರ್ಟಿ ಸಿಹಿ

ಪ್ರಶ್ನೆ: ಏಪ್ರಿಲ್ ಕೊನೆಗೆ ಮಗನ ಹುಟ್ಟುಹಬ್ಬ, 40 ಮಕ್ಕಳು ಬರುತ್ತಾರೆ. ಓವನ್ ಇಲ್ಲ. ಚಮಚದ ಗೊಡವೆಯಿಲ್ಲದೆ ಕೈಯಲ್ಲೇ ತಿನ್ನುವಂಥದ್ದು ಬೇಕು. ಚಾಕೊಲೇಟ್ ಮೆತ್ತಿದ ಬಿಸ್ಕತ್ತಿನ ಉಂಡೆ ಹಂಚುವಷ್ಟರಲ್ಲೇ ಕರಗಿಬಿಡುತ್ತದೆ.
– ಗಂಗಾವತಿಯ ಓದುಗರು

ಉತ್ತರ: ಚಾಕೊಲೇಟಿನ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೇ ಕರಗುತ್ತದೆ. ನಿಮ್ಮ ಕಡೆ ಏಪ್ರಿಲ್ ಬಿಸಿಲು 40ರ ಹತ್ತಿರ ಇರುತ್ತದೆ. ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಹಾಕಿದ ಕಾಂಪೌಂಡ್ ಚಾಕೊಲೇಟ್ ತುಸು ಹೆಚ್ಚು ತಾಳಿದರೂ ಆ ಶೆಕೆಗೆ ಅದೂ ಮೆತ್ತಗಾಗುತ್ತದೆ. ಹಾಗಾಗಿ ಚಾಕೊಲೇಟ್ ರುಚಿ ಕೋಕೋ ಪುಡಿಯಾಗಿ ಒಳಗಿರಲಿ, ಹೊರಗೆ ಒಣ ಹೊದಿಕೆ ಇರಲಿ.

ಮಾರಿ ಬಿಸ್ಕತ್ತು 200 ಗ್ರಾಂ, ಶೇಂಗಾ 100 ಗ್ರಾಂ, ಕೋಕೋ ಪುಡಿ 2 ದೊಡ್ಡ ಚಮಚ, ಕಂಡೆನ್ಸ್ಡ್ ಮಿಲ್ಕ್ 200 ಗ್ರಾಂ, ಚಿಟಿಕೆ ಉಪ್ಪು. ಇಷ್ಟಕ್ಕೆ ಸಣ್ಣ ನಿಂಬೆಹಣ್ಣಿನ ಗಾತ್ರದ ಸುಮಾರು 30 ಉಂಡೆ ಆಗುತ್ತವೆ. ತಲಾ ಎರಡು ಕೊಡುವುದಾದರೆ ಎಲ್ಲವನ್ನೂ ಮೂರು ಪಟ್ಟು ಮಾಡಿಕೊಳ್ಳಿ.

ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿದ ಮೇಲೆ ಸಿಪ್ಪೆ ಉಜ್ಜಿ, ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುವಿ. ಬಿಸಿಯಾಗಿದ್ದಾಗಲೇ ತಿರುವಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬಿಸ್ಕತ್ತು ರವೆಯಷ್ಟು ತರಿಯಾಗಿದ್ದರೆ ಸಾಕು. ಹಿಟ್ಟಿನಷ್ಟು ನುಣ್ಣಗಾದರೆ ಉಂಡೆ ಅಂಗುಳಕ್ಕೆ ಅಂಟುತ್ತದೆ.

ಎಲ್ಲ ಪುಡಿ ಬೆರೆಸಿ, ಕಂಡೆನ್ಸ್ಡ್ ಮಿಲ್ಕಿನ ಮುಕ್ಕಾಲು ಭಾಗ ಹಾಕಿ ಕಲಸಿ, 15 ನಿಮಿಷ ಮುಚ್ಚಿಡಿ. ಬಹಳ ಮಂದಿ ಕೆಡಿಸುವುದು ಇಲ್ಲೇ. ಕೈಗೆ ಅಂಟುತ್ತದೆಂದು ಅವಸರದಲ್ಲಿ ಮತ್ತಷ್ಟು ಬಿಸ್ಕತ್ತು ಪುಡಿ ಸುರಿಯುತ್ತಾರೆ. ಬಿಸ್ಕತ್ತು ನಿಧಾನಕ್ಕೆ ತೇವ ಹೀರುತ್ತದೆ, ಮರುದಿನ ನೋಡಿದರೆ ಉಂಡೆ ಒಣಗಿ ಬಿರಿದಿರುತ್ತದೆ. ದಯವಿಟ್ಟು ಕಾಯಿರಿ. ಆಮೇಲೆ ಮುಷ್ಟಿಯಲ್ಲಿ ಒತ್ತಿ ನೋಡಿ. ಪುಡಿ ಉದುರಿದರೆ ಉಳಿದ ಮಿಲ್ಕ್ ಚಮಚ ಚಮಚವಾಗಿ ಸೇರಿಸಿ. ಅಂಗೈಗೆ ತುಪ್ಪ ಸವರಿ ಉಂಡೆ ಕಟ್ಟಿ, ಒಣ ಕೊಬ್ಬರಿ ತುರಿಯಲ್ಲೋ ಹುರಿದ ಎಳ್ಳಿನಲ್ಲೋ ಹೊರಳಿಸಿ. ಹಸಿ ಕೊಬ್ಬರಿ ಈ ಸೆಕೆಗೆ ಬೇಗ ಹಳಸುತ್ತದೆ, ಬೇಡ.

ಹಿಂದಿನ ದಿನವೇ ಮಾಡಿ ಬಿಗಿ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಹೊರತೆಗೆದ ಕೂಡಲೇ ಮುಚ್ಚಳ ತೆರೆದರೆ ಉಂಡೆಯ ಮೇಲೆ ನೀರು ಕೂರುತ್ತದೆ. ಅರ್ಧ ತಾಸು ಬಿಟ್ಟು ತೆರೆಯಿರಿ. ಕೆಲವು ಮಕ್ಕಳಿಗೆ ಶೇಂಗಾ ಅಲರ್ಜಿ ಇರುತ್ತದೆ, ತಂದೆತಾಯಿಯರನ್ನು ಮೊದಲೇ ಕೇಳಿ. ಅಂಥವರಿದ್ದರೆ ಆ ದಿನ ಶೇಂಗಾ ಬಿಟ್ಟು ಪುಟಾಣಿ ಪುಡಿ ಹಾಕಿ.

ಪ್ರಶ್ನೆ: ಚೈನಾ ಗ್ರಾಸ್ ಹಾಲಿನ ತುಂಡುಗಳು ಒಮ್ಮೆ ಗಟ್ಟಿಯಾಗುವುದೇ ಇಲ್ಲ, ಇನ್ನೊಮ್ಮೆ ಗಂಟು ಗಂಟು. ಏಕೆ?
– ಸಿಂಧನೂರಿನ ಓದುಗರು

ಉತ್ತರ: ಚೈನಾ ಗ್ರಾಸ್ ಅಂದರೆ ಕಡಲಪಾಚಿಯಿಂದ ತೆಗೆದ ಅಗರ್. ಅದರ ಎಳೆಗಳು ಪೂರ್ತಿ ಕರಗದಿದ್ದರೆ ಹೆಪ್ಪುಗಟ್ಟುವುದಿಲ್ಲ; ತಣ್ಣನೆಯ ಹಾಲು ಸುರಿದರೆ ಗಂಟಾಗುತ್ತದೆ. 10 ಗ್ರಾಂ ಎಳೆಯನ್ನು ಕತ್ತರಿಸಿ 250 ಮಿ.ಲೀ. ನೀರಿನಲ್ಲಿ 20 ನಿಮಿಷ ನೆನೆಸಿ, ಒಂದೆಳೆಯೂ ಕಾಣದಂತೆ ಅದೇ ನೀರಿನಲ್ಲಿ ಕುದಿಸಿ. ಅರ್ಧ ಲೀಟರ್ ಹಾಲನ್ನು ಸಕ್ಕರೆ ಹಾಕಿ ಬೇರೆ ಕಾಯಿಸಿ, ಎರಡೂ ಬಿಸಿಯಿದ್ದಾಗಲೇ ಬೆರೆಸಿ ಸೋಸಿ ತಟ್ಟೆಗೆ ಹಾಕಿ. ಇದು ಒಮ್ಮೆ ಗಟ್ಟಿಯಾದರೆ ಸುಮಾರು 85 ಡಿಗ್ರಿವರೆಗೆ ಕರಗದು, ರಾಯಚೂರಿನ ಬಿಸಿಲಿಗೂ ಜಗ್ಗುವುದಿಲ್ಲ. ಆದರೆ ಹಾಲಿನದು, ಒಂದು ತಾಸಿಗಿಂತ ಹೆಚ್ಚು ಹೊರಗಿಡಬೇಡಿ.

ಪ್ರಶ್ನೆ: ಕರಗಿಸುವಾಗ ಚಾಕೊಲೇಟ್ ಗರಣೆಗಟ್ಟಿತು. ಸರಿಪಡಿಸಬಹುದೇ?
– ಸಿರುಗುಪ್ಪದ ಓದುಗರು

ಉತ್ತರ: ಹಬೆಯ ಹನಿಯೋ ಒದ್ದೆ ಚಮಚವೋ ತಾಗಿರಬೇಕು. ಮೆತ್ತಲು ಅದು ಬಾರದು. ಬಿಸಿ ಹಾಲು ಸ್ವಲ್ಪ ಸ್ವಲ್ಪವೇ ಹಾಕಿ ತಿರುವಿದರೆ ಸಾಸ್ ಆಗುತ್ತದೆ, ಐಸ್‌ಕ್ರೀಮಿನ ಮೇಲೆ ಸುರಿಯಿರಿ. ಮುಂದಿನ ಸಲ ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಕರಗಿಸುವಾಗ ಕೆಳಗಿನ ನೀರು ಕುದಿಯುವುದು ಬೇಡ, ಮೇಲಿನ ಬಟ್ಟಲಿಗೆ ತಾಗುವುದೂ ಬೇಡ.