ಪ್ರೊಫೆಸರ್‌ಗಳು ತಮ್ಮ ಸಂಶೋಧನಾ ಲೇಖನವನ್ನು ಜರ್ನಲ್‌ನಲ್ಲಿ ಅಚ್ಚಾಗುವ ಮೊದಲೇ ಉಚಿತವಾಗಿ ಯಾಕೆ ಹಂಚುತ್ತಾರೆ?

ಹಂಚಿದ ದಿನವೇ ಆ ಕೆಲಸ ಅವರದ್ದು ಎಂದು ದಾಖಲಾಗುತ್ತದೆ, ಅದಕ್ಕೇ. ಜರ್ನಲ್‌ಗೆ ಕಳಿಸಿದ್ದನ್ನು ಬೇರೆ ತಜ್ಞರು ಓದಿ ಒಪ್ಪಲು ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಇನ್ನೊಬ್ಬರು ಅದನ್ನೇ ಕಂಡುಹಿಡಿದುಬಿಟ್ಟರೆ?

ಭೌತಶಾಸ್ತ್ರಜ್ಞ ಪಾಲ್ ಗಿನ್ಸ್‌ಪಾರ್ಗ್ 1991ರಲ್ಲಿ ಶುರು ಮಾಡಿದ ‘ಆರ್ಕೈವ್’ ತಾಣ ಈ ಚಿಂತೆ ತಪ್ಪಿಸಿತು. ಅಲ್ಲಿ ಹಾಕಿದ ಪ್ರತಿ ಲೇಖನಕ್ಕೂ ತಾರೀಕು ಬೀಳುತ್ತದೆ. ಆಮೇಲೆ ತಿದ್ದಿದರೂ ಹಳೆಯ ಪ್ರತಿ ಹಾಗೇ ಉಳಿಯುತ್ತದೆ. ದುಡ್ಡಿನ ನಷ್ಟವೂ ಇಲ್ಲ, ಜರ್ನಲ್‌ಗಳು ಸಾಮಾನ್ಯವಾಗಿ ಲೇಖಕರಿಗೆ ಸಂಭಾವನೆ ಕೊಡುವುದೇ ಇಲ್ಲ ಅಲ್ವಾ. ರಷ್ಯಾದ ಗಣಿತಜ್ಞ ಪೆರೆಲ್ಮನ್ ಅಂತೂ ಪ್ವಾಂಕರೆ ಊಹೆ ಎಂಬ ಗಣಿತದ ಹಳೆಯ ಕಗ್ಗಂಟಿಗೆ ತಾವು ಕೊಟ್ಟ ಪುರಾವೆಯನ್ನು 2002–03ರಲ್ಲಿ ಅಲ್ಲಿ ಮಾತ್ರ ಹಾಕಿದರು. ಜರ್ನಲ್‌ಗೆ ಕಳಿಸಲೇ ಇಲ್ಲ.

ನನಗೆ ಜಾಸ್ತಿ ಇಷ್ಟವಾಗುವುದು ಇದು: ಚಂದಾ ಕಟ್ಟಲಾಗದ ಸಣ್ಣ ಊರಿನ ಕಾಲೇಜಿನ ಹುಡುಗಿಯೂ ಅದನ್ನು ಅದೇ ದಿನ ಓದಬಹುದು. ಆದರೆ ತಜ್ಞರ ಪರೀಕ್ಷೆ ಇನ್ನೂ ಆಗಿರುವುದಿಲ್ಲ ಎಂಬುದನ್ನು ನೆನಪಿಟ್ಟು ಓದಬೇಕು.