ಚೆಕಿಂಗ್ ಟೇಬಲ್‌ನ ಬೇಜಾರು

ಊಟ ಆದಮೇಲೆ, ಪೀಸ್‌ಗಳಲ್ಲಿ ತಪ್ಪು ಹುಡುಕುವ ನಿಮ್ಮ ಚೆಕಿಂಗ್ ಟೇಬಲ್‌ನಲ್ಲಿ ಎಲ್ಲರೂ ಮಂಕಾಗುತ್ತಾರೆ, ತಪ್ಪು ಪೀಸ್ ಪಾಸ್ ಆಗುತ್ತದೆ, ಬೈದರೂ ಸರಿಹೋಗಿಲ್ಲ ಅಂದಿದ್ದೀರಿ. ದಯವಿಟ್ಟು ಬೈಯಬೇಡಿ ಸರ್. ಅದು ಸೋಮಾರಿತನ ಅಲ್ಲ.

ನಾನು ಗಾರ್ಮೆಂಟ್ಸ್‌ನಲ್ಲಿ ಒಂಬತ್ತು ವರ್ಷ ಕಾಲರ್ ಚೆಕ್ ಮಾಡಿದವಳು. ಬೆಳಗ್ಗೆ ಬಿಟ್ಟುಹೋದ ಹೊಲಿಗೆ ತಾನಾಗಿ ಕಣ್ಣಿಗೆ ಬೀಳುತ್ತಿತ್ತು. ಮೂರು ಗಂಟೆ ಹೊತ್ತಿಗೆ ಬೆರಳು ಕಾಲರ್ ತುದಿ ಸವರುತ್ತಿತ್ತು, ಮನಸ್ಸು ಅಲ್ಲಿರುತ್ತಿರಲಿಲ್ಲ. ಬ್ರಿಟನ್ನಿನ ಮನಃಶಾಸ್ತ್ರಜ್ಞ ನಾರ್ಮನ್ ಮ್ಯಾಕ್‌ವರ್ತ್ ರೇಡಾರ್ ಪರದೆ ನೋಡುವವರಿಗಾಗಿ ಮಾಡಿದ ಪರೀಕ್ಷೆಯಲ್ಲೂ (1948) ಇದೇ ಕಂಡಿತ್ತು. ಒಂದನ್ನೇ ನೋಡುತ್ತಾ ಕೂತರೆ ಅರ್ಧ ಗಂಟೆಗೇ ಕಣ್ತಪ್ಪು ಜಾಸ್ತಿಯಾಗುತ್ತದೆ.

ನಮ್ಮ ಸೂಪರ್‌ವೈಸರ್ ಮೇಡಂ ಗಂಟೆಗೊಮ್ಮೆ ಜಾಗ ಬದಲಿಸುತ್ತಿದ್ದರು. ಕಾಲರ್ ನೋಡಿದವಳು ಅಳತೆಗೆ, ಅಳತೆಯವಳು ದಾರ ಕತ್ತರಿಸಲು. ಅಷ್ಟಕ್ಕೇ ಮಂಪರು ಹಾರಿಹೋಗುತ್ತಿತ್ತು. ತಪ್ಪು ಸಿಕ್ಕರೆ ನಾವೇ ಲೈನಿಗೆ ಹೋಗಿ, ಹೊಲಿದವರಿಗೆ ತೋರಿಸಬೇಕಿತ್ತು. ನಾಲ್ಕು ಹೆಜ್ಜೆ ನಡೆದ ಹಾಗೂ ಆಯಿತು, ನಮ್ಮ ಮಾತಿಗೂ ಬೆಲೆ ಇದೆ ಅನ್ನಿಸುತ್ತಿತ್ತು. ನನಗೆ ಇದೇ ಹೆಚ್ಚು ಹಿಡಿಸಿದ್ದು.

ಹೊಸ ಕೆಲಸ ಕೈಗೆ ಕೂರುವ ತನಕ ಟಾರ್ಗೆಟ್ ಸ್ವಲ್ಪ ಬೀಳುತ್ತದೆ. ಮೇಲಿನವರಿಗೆ ಮೊದಲೇ ಹೇಳಿಡಿ, ಆ ಬೈಗುಳ ಹುಡುಗಿಯರ ತಲೆಗೆ ಬರಬಾರದು ಅಲ್ವಾ? ಯಾರಿಗೆ ಯಾವ ಜಾಗ ಇಷ್ಟ ಅಂತ ಅವರನ್ನೇ ಕೇಳಿ, ನಾಳೆಯೇ ಶುರು ಮಾಡಿ.