ಡ್ರೋನ್ ಕಾಂಪಸ್ ಎರರ್‌ಗೆ ಸೂರ್ಯನ್ನ ಬೈಯೋ ಮುಂಚೆ

ಅಣ್ಣ, ಡ್ರೋನ್ ಕಾಂಪಸ್ ಎರರ್ ತೋರಿಸ್ತಿದೆ, ಸೌರ ಮಾರುತ ಬಂದು ಭೂಮಿ ಅಯಸ್ಕಾಂತನೇ ಅಲ್ಲಾಡಿರಬೇಕು ಅಂತ ಹಾಕಿದ್ರಲ್ಲ, ಮೊದ್ಲು ಟೇಕಾಫ್ ಜಾಗ ಬದಲಾಯಿಸಿ. ಫೋಟೋದಲ್ಲಿ ಡ್ರೋನ್ ಕೂತಿರೋದು ಕಾಫಿ ಕಣದ ಮೇಲೆ, ಕಾಂಕ್ರೀಟ್ ಒಳಗೆ ಕಬ್ಬಿಣ, ಪಕ್ಕದಲ್ಲೇ ಪಲ್ಪರ್ ಮೋಟರ್. ನಂಗೂ ಹೀಗೇ ಆಗಿತ್ತು, ಆಚೆ ಹುಲ್ಲಿನ ಮೇಲಿಟ್ಟು ಕ್ಯಾಲಿಬ್ರೇಟ್ ಮಾಡಿದ್ಮೇಲೆ ಸರಿಹೋಯ್ತು. ಭಾರಿ ಸೌರ ಬಿರುಗಾಳಿ ಬಂದ್ರೂ ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಅಲ್ಲಾಡೋದು ನೂರಕ್ಕೆ ಒಂದು ಪಾಲಿನ ಆಸುಪಾಸು ಅಷ್ಟೇ.

ಸೂರ್ಯನಿಂದ ಬರೋ ಆ ಗಾಳಿ ನೆಲಕ್ಕೆ ಬರಲ್ಲ ಮಾರಾಯ್ರೆ. ಸೆಕೆಂಡಿಗೆ 400 ಕಿ.ಮೀ. ಹತ್ರ ಓಡೋ ಚಾರ್ಜ್ ಇರೋ ಕಣಗಳು ಅವು (ಇದು ಬೇರೆ ಕಣ), ಭೂಮಿಯ ಕ್ಷೇತ್ರ ಸುಮಾರು 65,000 ಕಿ.ಮೀ. ದೂರದಲ್ಲೇ ತಡೆದು, ಹೇಮಾವತೀಲಿ ಬಂಡೆಗೆ ಬಡಿದ ನೀರು ಸೀಳಿ ಹೋಗೋ ಥರ ಎರಡೂ ಕಡೆ ತಿರುಗಿಸಿಬಿಡುತ್ತೆ. ಆದ್ರೆ ಆ ಗಡಿ ನಿಂತಲ್ಲಿ ನಿಲ್ಲಲ್ಲ, ಗಾಳಿ ತೀರಾ ಜೋರಾದ್ರೆ 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹಗಳಿಗಿಂತ ಒಳಕ್ಕೆ ಬಂದು, ನಮ್ಮ ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನೋರು ನೋಡ್ಕೊಳ್ಳೋ ಉಪಗ್ರಹಗಳೇ ಬೇಲಿ ಆಚೆ ಬಿದ್ದ ಹಾಗಾಗುತ್ತೆ.

ಈ ಗಡಿ ಹೇಗೆ ಸರಿಯುತ್ತೆ ಅಂತ ನೋಡೋಕೆ ಒಂದು ಉಪಗ್ರಹ ಸಾಲದಾ ಅಂದ್ರಿ. ಕಾಫಿ ಹೂವರಳಿಸೋ ಬ್ಲಾಸಮ್ ಶವರ್ ಮಳೆ ನೆನಪು ಮಾಡ್ಕೊಳ್ಳಿ, ನಿಮ್ಮ ಗೇಜ್‌ನಲ್ಲಿ 80 ಸೆಂಟ್ (0.8 ಇಂಚು) ಅಂದ್ರೆ ಮಳೆ ಬಂತು ಅಂತಷ್ಟೇ ಗೊತ್ತು, ಯಾವ ಕಡೆಯಿಂದ ಎಷ್ಟು ಬೇಗ ಬಂತು ಅನ್ನೋಕೆ ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು ಮೂರೂ ಕಡೆ ಫೋನ್ ಹಚ್ಚಲೇಬೇಕು. ಅಲ್ಲೂ ಗಡಿ ಸರೀತಾ ಉಪಗ್ರಹ ಸರೀತಾ ಅಂತ ಒಂದ್ರಲ್ಲಿ ಗೊತ್ತಾಗಲ್ಲ. ಅದಕ್ಕೇ 2000ದಲ್ಲಿ ಯುರೋಪಿನೋರು ಕ್ಲಸ್ಟರ್ ಅಂತ ನಾಲ್ಕು, 2015ರಲ್ಲಿ ನಾಸಾದೋರು ಎಂಎಂಎಸ್ ಅಂತ ನಾಲ್ಕು ಬಿಟ್ರು, ಎಂಎಂಎಸ್‌ನವಂತೂ ಒಂದಕ್ಕೊಂದು 7 ಕಿ.ಮೀ. ಹತ್ರಕ್ಕೂ ಬಂದು ಹಾರಿದಾವೆ. ಅವು ನೋಡಿದ್ದೇನಂದ್ರೆ, ಗಾಳಿ ಜೊತೆ ಬರೋ ಕ್ಷೇತ್ರ ದಕ್ಷಿಣಕ್ಕೆ ತಿರುಗಿದ್ರೆ, ಗಡೀಲಿ ನಮ್ಮದು ಉತ್ತರಕ್ಕಿರೋದ್ರಿಂದ, ಎರಡೂ ಕ್ಷೇತ್ರದ ಗೆರೆ ಕಡಿದು ಬೆಸೆದುಕೊಂಡು ಶಕ್ತಿ ಒಳಗೆ ನುಗ್ಗೋಕೆ ತೂಬು ಎತ್ತಿದ ಹಾಗಾಗುತ್ತೆ.

ಡ್ರೋನಿಗೆ ನಿಜವಾದ ತೊಂದ್ರೆ ಆವಾಗ, ಕಾಂಪಸ್‌ಗಲ್ಲ, ಜಿಪಿಎಸ್‌ಗೆ. 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಬಿತ್ತನೆ ಟೈಮಲ್ಲೇ ಆರ್‌ಟಿಕೆ (ಜಿಪಿಎಸ್ಸನ್ನ ಸೆಂಟಿಮೀಟರ್ ಲೆಕ್ಕಕ್ಕೆ ನಿಖರ ಮಾಡೋ ವ್ಯವಸ್ಥೆ) ಇರೋ ಟ್ರಾಕ್ಟರ್‌ಗಳು ಸಾಲು ತಪ್ಪಿ ನಿಂತ್ವು. ಆರ್‌ಟಿಕೆ ಸರ್ವೆ ದಿನ ಸ್ಪೇಸ್ ವೆದರ್ ಪೇಜಲ್ಲಿ ಬಿ ಝಡ್ ಅನ್ನೋ ಗೆರೆ (ಗಾಳಿ ಜೊತೆ ಬರೋ ಕ್ಷೇತ್ರ ಉತ್ತರಕ್ಕಾ ದಕ್ಷಿಣಕ್ಕಾ ಅಂತ ತೋರಿಸೋದು, ಮೈನಸ್ ಅಂದ್ರೆ ದಕ್ಷಿಣ) ನೋಡಿ, ಮೈನಸ್ 10 ನ್ಯಾನೋಟೆಸ್ಲಾಗಿಂತ ಕೆಳಗೆ ಮೂರು ಗಂಟೆ ಕೂತಿದ್ರೆ ಸರ್ವೆ ನಾಳೆಗೆ ಹಾಕಿ. ಅದು 15 ಲಕ್ಷ ಕಿ.ಮೀ. ಆಚೆ, ನಮ್ಮ ಆದಿತ್ಯ ಎಲ್1 ಇರೋ ಕಡೆ ಅಳೆದದ್ದು, ಗಾಳಿ ಇಲ್ಲಿಗೆ ಮುಟ್ಟೋಕೆ ಹೆಚ್ಚುಕಮ್ಮಿ ಒಂದು ಗಂಟೆ, ಜೋರಿದ್ರೆ ಅರ್ಧ ಗಂಟೆ.

ಸಿಲ್ವರ್ ಓಕ್ ಕೆಳಗೆ ಜಿಪಿಎಸ್ ಫಿಕ್ಸ್ (ನಿಖರ ಜಾಗ) ಸಿಗದೇ ಇದ್ರೆ ಅದು ಮರದ್ದೇ ಕಿತಾಪತಿ. ಹುಲ್ಲಿನ ಮೇಲಿಟ್ಟು ನೋಡಿ, ಆಮೇಲೂ ಎರರ್ ಬಂದ್ರೆ ಸ್ಕ್ರೀನ್‌ಶಾಟ್ ಹಾಕಿ ಅಣ್ಣ.